ಆಕ್ಸಲ್ ಗೇರು: ಆಫ್‌ರೋಡ್ ವಾಹನಗಳಲ್ಲಿ

ಆಕ್ಸಲ್ ಗೇರು ಎಂದರೆ ಎಂಜಿನ್ ಕಡೆಯಿಂದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಬರುವ ತಿರುಗುಬಲವನ್ನು ಅಡ್ಡಕ್ಕೆ ತಿರುಗಿಸಿ, ವೇಗ ತಗ್ಗಿಸಿ, ಬಲ ಹೆಚ್ಚಿಸಿ, ಎಡಬಲದ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಜೋಡಣೆ. ಕ್ರೌನ್, ಪಿನಿಯನ್ ಮತ್ತು ಕ್ರೌನ್‌ಗೆ ಬಿಗಿದ ಡಿಫರೆನ್ಶಿಯಲ್ ಇದರ ಮುಖ್ಯ ಅಂಗಗಳು. ರಸ್ತೆಯ ಮೇಲಷ್ಟೇ ಓಡುವ ವಾಹನದಲ್ಲಿ ಕಾರ್ಖಾನೆ ಕೂರಿಸಿದ ಆಕ್ಸಲ್ ಗೇರು ವಾಹನದ ಆಯುಷ್ಯದವರೆಗೂ ಹಾಗೆಯೇ ಇರುವುದುಂಟು. ಕಾಡುದಾರಿ, ಕಲ್ಲುಹಾದಿ, ಹಳ್ಳ, ಕೆಸರುಗಳಲ್ಲಿ ಓಡುವ ಆಫ್‌ರೋಡ್ ವಾಹನದಲ್ಲಿ ದೊಡ್ಡ ಟೈರ್ ಹಾಕಿದಾಗ, ಹಲ್ಲು ಸವೆದಾಗ ಅಥವಾ ಗೇರಿನ ಹೊರಕವಚಕ್ಕೆ (ಹೌಸಿಂಗ್‌ಗೆ) ನೀರು ಹೊಕ್ಕಾಗ ಅದನ್ನು ಬದಲಿಸಬೇಕಾಗುತ್ತದೆ. ಆಗ ಯಾವ ಅನುಪಾತದ ಗೇರು ಬೇಕು ಎಂಬುದರ ಜೊತೆಗೆ ಅದನ್ನು ಕೂರಿಸುವ ಕೈ ಯಾವುದು ಎಂಬುದೂ ಅಷ್ಟೇ ಮುಖ್ಯವಾಗುತ್ತದೆ. ಈ ಲೇಖನ ಎರಡನ್ನೂ ಒಳಗೊಳ್ಳುತ್ತದೆ. ಉದಾಹರಣೆಗಳನ್ನು ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವಿನ ಮಾಚೇನಹಳ್ಳಿಯ ಸುತ್ತಿನಿಂದ ಆರಿಸಲಾಗಿದೆ. ಉಕ್ಕು, ಎರಕ ಮತ್ತು ಮಲೆನಾಡಿನ ಏರುಹಾದಿ ಮೂರೂ ಒಂದೇ ಕಡೆ ಸೇರುವ ಪ್ರದೇಶ ಇದು.

ಹೆಸರು ಮತ್ತು ಪರಿಭಾಷೆ

ಎತ್ತಿನ ಗಾಡಿಯ ಚಕ್ರಗಳು ಸುತ್ತುವ ಅಡ್ಡದಂಡಕ್ಕೆ ಕನ್ನಡದಲ್ಲಿ ಅಚ್ಚು ಎಂಬ ಹೆಸರಿದೆ. ಗಾಡಿಯ ಅಚ್ಚು ತಾನು ತಿರುಗುವುದಿಲ್ಲ. ಚಕ್ರದ ಗುಂಬ ಅದರ ತುದಿಯಲ್ಲಿ ಸಡಿಲವಾಗಿ ಸುತ್ತುತ್ತದೆ, ಕಡಾಣಿ ಅದನ್ನು ಕಳಚದಂತೆ ತಡೆಯುತ್ತದೆ. ಎರಡು ಚಕ್ರಗಳೂ ಬೇರೆಬೇರೆಯಾಗಿ ಸುತ್ತುವುದರಿಂದ ತಿರುವಿನಲ್ಲಿ ತೊಂದರೆಯಿಲ್ಲ. ಮೋಟಾರು ವಾಹನದಲ್ಲಿ ಎಂಜಿನ್ ಬಲ ಅಚ್ಚಿನ ಮೂಲಕವೇ ಚಕ್ರಕ್ಕೆ ಹೋಗಬೇಕಾದ್ದರಿಂದ ಹೊಸ ರಚನೆ ಬೇಕಾಯಿತು, ಅದರೊಡನೆ ಆಕ್ಸಲ್ ಎಂಬ ಪದವೂ ಬಂತು.

ಗ್ಯಾರೇಜುಗಳಲ್ಲಿ ಇಡೀ ಗೇರು ಪೆಟ್ಟಿಗೆಯನ್ನು ಹೌಸಿಂಗ್ ಎನ್ನುತ್ತಾರೆ. ಹೌಸಿಂಗ್ ಸೌಂಡ್ ಎಂದರೆ ಅದರೊಳಗಿನಿಂದ ಬರುವ ಊಳಿಡುವ ಸದ್ದು. ಈ ಲೇಖನದಲ್ಲಿ ಪದಗಳನ್ನು ಹೀಗೆ ನಿಶ್ಚಯಿಸಿಕೊಳ್ಳಲಾಗಿದೆ: ದೊಡ್ಡ ಬಳೆಯಾಕಾರದ ಹಲ್ಲುಚಕ್ರ ಕ್ರೌನ್. ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್. ಕ್ರೌನ್ ಅನ್ನು ಬೋಲ್ಟ್ ಹಾಕಿ ಬಿಗಿಯುವ ಗೂಡು ಕೇಜ್. ಕೇಜ್ ಒಳಗಿನ ಸಣ್ಣ ಗೇರುಗಳು ಸ್ಟಾರ್ ಪಿನಿಯನ್, ಅವುಗಳೊಡನೆ ಕಚ್ಚಿಕೊಳ್ಳುವ ಎರಡು ಬದಿಯ ಗೇರುಗಳು ಸೈಡ್ ಗೇರ್. ಕ್ರೌನ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಅನುಪಾತ. ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲುಗಳಿದ್ದರೆ ಅನುಪಾತ 4.10. ಪಿನಿಯನ್ 4.10 ಸುತ್ತು ಸುತ್ತಿದರೆ ಕ್ರೌನ್ ಒಂದು ಸುತ್ತು ಸುತ್ತುತ್ತದೆ ಎಂದು ಅರ್ಥ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಅನುಪಾತದ ಅಂಕಿ ದೊಡ್ಡದಾದರೆ ಗೇರು ‘ಲೋ’ ಆಯಿತು ಎನ್ನುತ್ತಾರೆ. ಎಳೆಯುವ ಬಲ ಹೆಚ್ಚುತ್ತದೆ, ವೇಗ ಕುಗ್ಗುತ್ತದೆ. ಅಂಕಿ ಚಿಕ್ಕದಾದರೆ ‘ಹೈ’. ಅಂಗಡಿಯಲ್ಲಿ ‘ಹೆಚ್ಚಿನ ಗೇರು ಕೊಡಿ’ ಎಂದು ಕೇಳಿದರೆ ಬೇಕಾದ್ದಕ್ಕೆ ತದ್ವಿರುದ್ಧವಾದುದು ಕೈಗೆ ಬರಬಹುದು. ಹಲ್ಲುಗಳ ಎಣಿಕೆಯನ್ನೇ ಹೇಳುವುದು ಸರಿಯಾದ ಕ್ರಮ.

ಮೂಲ ಮತ್ತು ಬೆಳವಣಿಗೆ

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಒಂದು ಚಕ್ರ ಜಾರಲೇಬೇಕು. ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ಒನೆಸಿಫೋರ್ ಪೆಕೂರ್ 1827ರಲ್ಲಿ ಉಗಿಗಾಡಿಗೆಂದು ಡಿಫರೆನ್ಶಿಯಲ್ ರೂಪಿಸಿದ. ಅಮೆರಿಕದ ರಾಚೆಸ್ಟರ್‌ನಲ್ಲಿ ವಿಲಿಯಂ ಗ್ಲೀಸನ್ 1874ರಲ್ಲಿ ಓರೆ ಹಲ್ಲಿನ ಗೇರುಗಳನ್ನು ಕತ್ತರಿಸುವ ಯಂತ್ರ ಕಂಡುಹಿಡಿದ. ಅವನ ಸಂಸ್ಥೆ 1913ರಲ್ಲಿ ಸುರುಳಿ ಹಲ್ಲಿನ ಗೇರನ್ನು ತಂದಿತು. ಪಿನಿಯನ್ನನ್ನು ಕ್ರೌನ್‌ನ ನಡುರೇಖೆಗಿಂತ ಕೆಳಗೆ ಕೂರಿಸುವ ಹೈಪಾಯ್ಡ್ ಗೇರು 1920ರ ದಶಕದ ನಡುವಿನಲ್ಲಿ ಪ್ಯಾಕಾರ್ಡ್ ಕಾರುಗಳಲ್ಲಿ ಬಳಕೆಗೆ ಬಂದು, ಮುಂದೆ ಎಲ್ಲೆಡೆ ಹರಡಿತು.

ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಹಗುರ ವಾಹನ ಜನಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ. ಯುದ್ಧಕಾಲದ ಎಂಬಿ ಮಾದರಿಯ ಅನುಪಾತ 4.88, ಎಂದರೆ 39 ಮತ್ತು 8 ಹಲ್ಲು. ಯುದ್ಧದ ನಂತರ ಹೊಲ, ತೋಟಗಳ ಕೆಲಸಕ್ಕೆಂದು ಬಂದ ಸಿಜೆ ಮಾದರಿಗಳಲ್ಲಿ ಅದು 5.38, ಎಂದರೆ 43 ಮತ್ತು 8 ಹಲ್ಲು. ಯುದ್ಧದ ಗಾಡಿಗೆ ಓಟ ಬೇಕಿತ್ತು, ಹೊಲದ ಗಾಡಿಗೆ ಎಳೆತ ಬೇಕಿತ್ತು. ಅನುಪಾತದ ಆಯ್ಕೆಯಲ್ಲಿ ಇಂದಿಗೂ ತೂಗಿ ನೋಡಬೇಕಾದ್ದು ಇವೆರಡನ್ನೇ.

ಭಾರತದಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪಿನ ಜೋಡಣೆ ಆರಂಭಿಸಿತು. ಅದರ ಸಿಜೆ3ಬಿ ಮಾದರಿ ದಶಕಗಳ ಕಾಲ ಮಲೆನಾಡಿನ ಎಸ್ಟೇಟುಗಳ ಗಾಡಿಯಾಗಿತ್ತು. ಮಾರುತಿ ಜಿಪ್ಸಿ 1985ರ ಡಿಸೆಂಬರ್‌ನಲ್ಲಿ ಬಂತು. ಮಹೀಂದ್ರ ಥಾರ್ 2010ರಲ್ಲಿ, ಅದರ ಹೊಸ ರೂಪ 2020ರ ಅಕ್ಟೋಬರ್ 2ರಂದು, ಐದು ಬಾಗಿಲಿನ ಮಾರುತಿ ಜಿಮ್ನಿ 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದವು.

ರಚನೆ ಮತ್ತು ಕೆಲಸ

ಪಿನಿಯನ್ ಎರಡು ಶಂಕುವಿನಾಕಾರದ ರೋಲರ್ ಬೇರಿಂಗುಗಳ ಮೇಲೆ ಹೌಸಿಂಗ್‌ನ ಮೂಗಿನಲ್ಲಿ ಕೂರುತ್ತದೆ. ಕೇಜ್ ಎರಡು ಬದಿಯ ಬೇರಿಂಗುಗಳ ಮೇಲೆ ಸುತ್ತುತ್ತದೆ. ಕೇಜ್ ಸುತ್ತಿದಾಗ ಅದರೊಡನೆ ಸ್ಟಾರ್ ಪಿನಿಯನ್‌ಗಳೂ ಸುತ್ತಿ ಎರಡು ಸೈಡ್ ಗೇರುಗಳನ್ನು ತಳ್ಳುತ್ತವೆ. ನೇರ ದಾರಿಯಲ್ಲಿ ಸ್ಟಾರ್ ಪಿನಿಯನ್ ತನ್ನ ಅಚ್ಚಿನ ಮೇಲೆ ತಿರುಗದೆ ಬೆಣೆಯಂತೆ ನಿಲ್ಲುತ್ತದೆ. ತಿರುವಿನಲ್ಲಿ ಅದು ತಿರುಗಿ, ಒಂದು ಚಕ್ರ ಕಳೆದುಕೊಂಡ ಸುತ್ತನ್ನು ಇನ್ನೊಂದಕ್ಕೆ ಕೊಡುತ್ತದೆ.

ಈ ಸಾಮಾನ್ಯ ಡಿಫರೆನ್ಶಿಯಲ್ ಎರಡೂ ಬದಿಗೆ ಸಮನಾದ ಬಲವನ್ನಷ್ಟೇ ಕೊಡಬಲ್ಲದು. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದನ್ನು ಸುತ್ತಿಸಲು ಬೇಕಾದ ಬಲ ಅತ್ಯಲ್ಪ. ಗಟ್ಟಿನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಗಾಡಿ ನಿಂತಲ್ಲೇ ನಿಂತು ಒಂದು ಚಕ್ರ ಮಾತ್ರ ಗಿರಗಿರನೆ ಸುತ್ತುವುದು ಇದರಿಂದ.

ಆಫ್‌ರೋಡ್ ವಾಹನದಲ್ಲಿ ಮುಂದೊಂದು, ಹಿಂದೊಂದು ಹೀಗೆ ಎರಡು ಹೌಸಿಂಗ್‌ಗಳಿರುತ್ತವೆ. ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ಬಲ ಹಂಚುತ್ತದೆ. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ವಾಹನಗಳಲ್ಲಿ ಫೋರ್ ವೀಲ್ ಹಾಕಿದ ಕ್ಷಣದಿಂದ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಆದ್ದರಿಂದ ಎರಡೂ ಆಕ್ಸಲ್‌ಗಳ ಅನುಪಾತ ಒಂದೇ ಆಗಿರಬೇಕು. ಹಿಂದಿನ ಹೌಸಿಂಗ್‌ಗೆ ಮಾತ್ರ ಹೊಸ ಅನುಪಾತ ಹಾಕಿ ಮುಂದಿನದನ್ನು ಹಾಗೇ ಬಿಟ್ಟರೆ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಂಡು ಒಡೆಯಬಹುದು. ಅರ್ಧ ಖರ್ಚಿನಲ್ಲಿ ಕೆಲಸ ಮುಗಿಸಿಕೊಡುತ್ತೇವೆ ಎನ್ನುವ ಗ್ಯಾರೇಜನ್ನು ಬಿಡಲು ಇದೊಂದೇ ಕಾರಣ ಸಾಕು.

ಉಕ್ಕು ಮತ್ತು ತಯಾರಿಕೆ

ಆಕ್ಸಲ್ ಗೇರಿನ ಹಲ್ಲಿಗೆ ಎರಡು ವಿರುದ್ಧ ಗುಣಗಳು ಬೇಕು. ಮೇಲ್ಮೈ ಸವೆಯದಷ್ಟು ಗಡಸಾಗಿರಬೇಕು, ಒಳಗಿನ ತಿರುಳು ಪೆಟ್ಟಿಗೆ ಬಿರಿಯದಷ್ಟು ಬಾಗುವಂತಿರಬೇಕು. ಅದಕ್ಕಾಗಿ ಇಂಗಾಲ ಕಡಿಮೆಯಿರುವ ಮಿಶ್ರಲೋಹ ಉಕ್ಕನ್ನು ಬಡಿದು ಆಕಾರ ಕೊಟ್ಟು, ಹಲ್ಲು ಕತ್ತರಿಸಿ, ಇಂಗಾಲ ತುಂಬಿದ ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದಗೊಳಿಸುತ್ತಾರೆ. ಇಂಗಾಲ ಹೊರಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಆಳದವರೆಗೆ ಇಳಿದು ಅಷ್ಟು ಭಾಗ ಮಾತ್ರ ಗಡಸಾಗುತ್ತದೆ. 20ಎಂಎನ್‌ಸಿಆರ್5, ಎಸ್‌ಎಇ 8620, ಇಎನ್353 ಈ ಕೆಲಸಕ್ಕೆ ಭಾರತದಲ್ಲಿ ರೂಢಿಯಲ್ಲಿರುವ ಉಕ್ಕುಗಳು. ಹದ ಮಾಡಿದ ಹಲ್ಲಿನ ಮೇಲ್ಮೈ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 62ರಷ್ಟಿರುತ್ತದೆ. ಇಷ್ಟು ಗಡಸಾದ ಹಲ್ಲಿನ ಮೇಲೆ ಸಾಧಾರಣ ಅರ ಹಾಕಿ ಉಜ್ಜಿದರೆ ಅದು ಕಚ್ಚದೆ ಜಾರುತ್ತದೆ.

ಈ ತರಗತಿಯ ಉಕ್ಕಿನ ಹೆಸರು ಬಂದಾಗ ಭದ್ರಾವತಿಯನ್ನು ಬಿಡಲಾಗದು. ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಗಲ್ಲು ಹಾಕಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು ಅದರ ಮೊದಲ ಕಚ್ಚಾವಸ್ತುಗಳು. ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಎಂದಾದ ಇದು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ವಾಹನ, ರೈಲ್ವೆ ಮತ್ತು ರಕ್ಷಣಾ ವಲಯಗಳಿಗೆ ಬೇಕಾದ ಮಿಶ್ರಲೋಹ ಉಕ್ಕು, ವಿಶೇಷ ಉಕ್ಕು ಮತ್ತು ಬಡಿದ ಸರಕು ಇಲ್ಲಿನ ವೈಶಿಷ್ಟ್ಯ.

ಕ್ರೌನ್, ಪಿನಿಯನ್‌ಗಳು ಬಡಿದ ಉಕ್ಕಿನವಾದರೆ ಅವುಗಳನ್ನು ಹೊರುವ ಕೇಜ್ ಮತ್ತು ಹೌಸಿಂಗ್‌ನ ನಡುಭಾಗ ಸಾಮಾನ್ಯವಾಗಿ ಎರಕದವು. ಗುಂಡು ಗ್ರಾಫೈಟಿನ ಕಬ್ಬಿಣ ಅಂದರೆ ಎಸ್‌ಜಿ ಐರನ್ ಇದಕ್ಕೆ ಒಗ್ಗುತ್ತದೆ. ಸಾಧಾರಣ ಬೀಡುಕಬ್ಬಿಣದಂತೆ ಅದು ಪೆಟ್ಟಿಗೆ ಸಿಡಿಯುವುದಿಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಮತ್ತು ಶಿವಮೊಗ್ಗದ ಇತರ ಬಡಾವಣೆಗಳಲ್ಲಿರುವ ಎರಕದ ಕಾರ್ಖಾನೆಗಳು ವಾಹನೋದ್ಯಮಕ್ಕೆ ಬಿಡಿಭಾಗ ಒದಗಿಸುತ್ತವೆ.

ಕರ್ನಾಟಕದಲ್ಲಿ ಪೂರ್ಣ ಆಕ್ಸಲ್ ತಯಾರಿಸುವ ಪ್ರಮುಖ ಕಾರ್ಖಾನೆ ಮೈಸೂರಿನ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್. ಕಲ್ಯಾಣಿ ಸಮೂಹ ಮತ್ತು ಅಮೆರಿಕದ ಪಾಲುದಾರ ಸಂಸ್ಥೆಯ ಜಂಟಿ ಉದ್ಯಮವಾಗಿ ಅದು 1981ರಲ್ಲಿ ಸ್ಥಾಪನೆಯಾಯಿತು. ಅದರ ಸರಕು ಮುಖ್ಯವಾಗಿ ಲಾರಿ, ಬಸ್ಸು ಮತ್ತು ಭಾರೀ ವಾಹನಗಳಿಗೆ. ಜೀಪಿನ ಅಳತೆಯ ಗೇರುಗಳು ವಾಹನ ಕಂಪನಿಗಳ ಅಸಲಿ ಬಿಡಿಭಾಗವಾಗಿ, ಇಲ್ಲವೇ ಬೇರೆ ತಯಾರಕರ ಬದಲಿ ಭಾಗವಾಗಿ ದೊರೆಯುತ್ತವೆ.

ಕಾರ್ಖಾನೆಯಲ್ಲಿ ಒಂದು ಕ್ರೌನ್ ಮತ್ತು ಒಂದು ಪಿನಿಯನ್ನನ್ನು ಒಟ್ಟಿಗೆ ಓಡಿಸಿ, ಉಜ್ಜಿ, ಒಂದಕ್ಕೊಂದು ಒಗ್ಗಿಸುತ್ತಾರೆ. ಬಳಿಕ ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆಯುತ್ತಾರೆ. ಆ ಜೋಡಿಯನ್ನು ಒಡೆದು ಬೇರೊಂದರೊಡನೆ ಸೇರಿಸಿದ ಗೇರು ಸದ್ದಿಲ್ಲದೆ ಓಡುವುದಿಲ್ಲ. ಹಲ್ಲುಗಳ ಎಣಿಕೆಯೂ ಸಾಮಾನ್ಯವಾಗಿ ಕ್ರೌನ್‌ನ ಅಂಚಿನಲ್ಲಿರುತ್ತದೆ. 41 ಮತ್ತು 10, 43 ಮತ್ತು 8, 41 ಮತ್ತು 9 ಹೀಗೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳನ್ನೇ ಹೆಚ್ಚಾಗಿ ಆರಿಸುವುದು ಬೇಕೆಂದೇ. ಆಗ ಪಿನಿಯನ್‌ನ ಪ್ರತಿ ಹಲ್ಲೂ ಸರದಿಯಲ್ಲಿ ಕ್ರೌನ್‌ನ ಪ್ರತಿ ಹಲ್ಲನ್ನೂ ಮುಟ್ಟಿ ಸವೆತ ಸಮನಾಗುತ್ತದೆ. ಅನುಪಾತಗಳು 4ಕ್ಕೆ, 5ಕ್ಕೆ ದುಂಡಾಗದೆ ದಶಮಾಂಶಗಳಲ್ಲಿ ನಿಲ್ಲುವ ಕಾರಣ ಇದು.

ವಿಧಗಳು

ಡಿಫರೆನ್ಶಿಯಲ್‌ಗಳನ್ನು ಚಕ್ರ ಜಾರಿದಾಗ ಅವು ನಡೆದುಕೊಳ್ಳುವ ರೀತಿಯಿಂದ ವಿಂಗಡಿಸುತ್ತಾರೆ. ಸಾಮಾನ್ಯ ಡಿಫರೆನ್ಶಿಯಲ್ ಬಗ್ಗೆ ಮೇಲೆ ಹೇಳಿದೆ. ಲಿಮಿಟೆಡ್ ಸ್ಲಿಪ್ ಮಾದರಿಯಲ್ಲಿ ಕ್ಲಚ್ ಪ್ಲೇಟುಗಳು ಅಥವಾ ಹುಳುಗೇರುಗಳು ಎರಡು ಬದಿಯ ವೇಗದ ಅಂತರವನ್ನು ಮಿತಿಯಲ್ಲಿಡುತ್ತವೆ. ಲಾಕರ್ ಎರಡೂ ಚಕ್ರಗಳನ್ನು ಒಂದೇ ದಂಡವಾಗಿಸುತ್ತದೆ. ಕೆಲವು ಲಾಕರ್‌ಗಳು ತಾವಾಗಿಯೇ ಕಚ್ಚಿಕೊಳ್ಳುತ್ತವೆ, ಕೆಲವನ್ನು ಚಾಲಕ ಗಾಳಿಯ ಒತ್ತಡ, ವಿದ್ಯುತ್ ಅಥವಾ ತಂತಿಯ ಮೂಲಕ ಹಾಕಬೇಕು. ಮಹೀಂದ್ರ ಥಾರ್‌ನ ಕೆಲವು ಆವೃತ್ತಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಬರುವ ಯಾಂತ್ರಿಕ ಲಾಕರ್ ಮೊದಲ ಬಗೆಯದು. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಂದಾಗ ಅದು ಕಚ್ಚುತ್ತದೆ, ವೇಗ ಹೆಚ್ಚಿದರೆ ಕಚ್ಚುವುದಿಲ್ಲ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡರಲ್ಲೂ ಚಾಲಕ ಹಾಕುವ ಲಾಕರ್‌ಗಳಿವೆ. ಜಿಮ್ನಿಯಲ್ಲಿ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ದಾಟಿಸುವ ವಿದ್ಯುನ್ಮಾನ ಏರ್ಪಾಡಿದೆ.

ಲಾಕರ್ ಹಾಕಿದ ಮುಂದಿನ ಆಕ್ಸಲ್‌ನಲ್ಲಿ ಸ್ಟೀರಿಂಗ್ ಬಿಗಿಯಾಗುತ್ತದೆ. ಡಾಂಬರಿನ ಮೇಲೆ ಅದನ್ನು ಬಳಸಬಾರದು.

ಅನುಪಾತದ ಆಯ್ಕೆ

ಅನುಪಾತ ಬದಲಿಸುವ ಯೋಚನೆ ಹೆಚ್ಚಿನವರಿಗೆ ಬರುವುದು ದೊಡ್ಡ ಟೈರ್ ಹಾಕಿದ ಮೇಲೆ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಸಾಗುವುದರಿಂದ ಗಾಡಿ ಇದ್ದಕ್ಕಿದ್ದಂತೆ ಹೈ ಗೇರಿನದಾದಂತೆ ವರ್ತಿಸುತ್ತದೆ. ಏರಿನಲ್ಲಿ ಸೋಲುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಮೊದಲಿನ ಎಳೆತ ಮರಳಿ ಬೇಕಾದರೆ ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ ಹಳೆಯ ಟೈರಿನ ವ್ಯಾಸದಿಂದ ಭಾಗಿಸಬೇಕು.

235/75 ಆರ್15 ಟೈರಿನ ವ್ಯಾಸ ಸುಮಾರು 733 ಮಿ.ಮೀ. ಅದನ್ನು ತೆಗೆದು 31 ಇಂಚಿನ, ಅಂದರೆ ಸುಮಾರು 787 ಮಿ.ಮೀ. ವ್ಯಾಸದ ಟೈರ್ ಹಾಕಿದರು ಎಂದುಕೊಳ್ಳೋಣ. ಹಳೆಯ ಅನುಪಾತ 4.10 ಇದ್ದರೆ ಲೆಕ್ಕಕ್ಕೆ ಬರುವ ಹೊಸ ಅನುಪಾತ 4.40. ಅಷ್ಟೇ ಅಂಕಿಯ ಗೇರು ಸಿಗದೆ ಹೋಗಬಹುದು. ಸಿಗುವ ಜೋಡಿಗಳಲ್ಲಿ 43 ಮತ್ತು 10 ಹಲ್ಲಿನದು 4.30, 41 ಮತ್ತು 9 ಹಲ್ಲಿನದು 4.56 ಎಂದಾದರೆ ಆಯ್ಕೆ ಬಳಕೆಯನ್ನು ಅವಲಂಬಿಸುತ್ತದೆ. ಗೇರ್ ಬಾಕ್ಸ್ ವೇಗ ಬದಲಿಸದ ನೇರ ಗೇರಿನಲ್ಲಿ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಳೆಯ ಟೈರು, ಹಳೆಯ ಗೇರಿನೊಡನೆ ಎಂಜಿನ್ ನಿಮಿಷಕ್ಕೆ ಸುಮಾರು 2,370 ಸುತ್ತುತ್ತಿತ್ತು. ಟೈರ್ ಮಾತ್ರ ಬದಲಾದರೆ ಅದು 2,210ಕ್ಕೆ ಇಳಿಯುತ್ತದೆ. 4.30 ಹಾಕಿದರೆ 2,320, 4.56 ಹಾಕಿದರೆ 2,460 ಆಗುತ್ತದೆ. ವಾರವಿಡೀ ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಕೆಲಸಕ್ಕೆ ಓಡಾಡಿ ತಿಂಗಳಿಗೊಮ್ಮೆ ಕಾಡುದಾರಿ ಹಿಡಿಯುವ ಗಾಡಿಗೆ 4.30 ಸಾಕು. ದಿನವೂ ತೋಟದ ಏರು ಹತ್ತುವ, ಹೊರೆ ಹೊರುವ ಗಾಡಿಗೆ 4.56 ಸರಿ.

ಇಳಿಜಾರಿನ ಹಾದಿಗೆ ಇನ್ನೊಂದು ಲೆಕ್ಕವಿದೆ. ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್ ಈ ಮೂರರ ಅನುಪಾತಗಳನ್ನು ಗುಣಿಸಿದರೆ ಗಾಡಿ ಎಷ್ಟು ನಿಧಾನವಾಗಿ ತೆವಳಬಲ್ಲದು ಎಂಬುದು ಗೊತ್ತಾಗುತ್ತದೆ. ಮೊದಲ ಗೇರು 4, ಲೋ 2.5, ಆಕ್ಸಲ್ 4.10 ಆದರೆ ಗುಣಲಬ್ಧ 41. ಆಕ್ಸಲ್ 4.56 ಆದರೆ 45.6. ಈ ಅಂಕಿ ಹೆಚ್ಚಿದಷ್ಟೂ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಎಂಜಿನ್ ಹಿಡಿತದಲ್ಲೇ ಇಳಿಯಬಹುದು. ಒದ್ದೆ ಜಂಬಿಟ್ಟಿಗೆಯ ಮೇಲೆ ಬ್ರೇಕ್ ತುಳಿದ ಚಕ್ರ ಜಾರುತ್ತದೆ, ಗೇರಿನ ಹಿಡಿತದಲ್ಲಿ ಇಳಿಯುವ ಚಕ್ರ ಅಷ್ಟು ಸುಲಭಕ್ಕೆ ಜಾರುವುದಿಲ್ಲ.

ಹಾಗೆಂದು ಅನುಪಾತವನ್ನು ಬೇಕಾದಷ್ಟು ಏರಿಸಿಕೊಳ್ಳಲು ಆಗದು. ಕ್ರೌನ್‌ನ ಅಳತೆ ಹೌಸಿಂಗ್‌ಗೆ ತಕ್ಕಂತೆ ನಿಗದಿಯಾಗಿರುವುದರಿಂದ ಅನುಪಾತ ಏರಿಸುವುದೆಂದರೆ ಪಿನಿಯನ್ನನ್ನು ಚಿಕ್ಕದಾಗಿಸುವುದು. ಎಂಟು ಹಲ್ಲಿನ ಪಿನಿಯನ್ ಹತ್ತು ಹಲ್ಲಿನದಕ್ಕಿಂತ ತೆಳ್ಳಗೆ, ಒಂದು ಗಳಿಗೆಯಲ್ಲಿ ಕಚ್ಚಿರುವ ಹಲ್ಲುಗಳೂ ಕಡಿಮೆ. ದೊಡ್ಡ ಟೈರ್, ಲಾಕರ್, ಸಣ್ಣ ಪಿನಿಯನ್ ಮೂರೂ ಸೇರಿದ ಗಾಡಿಯಲ್ಲಿ ಮೊದಲು ಮುರಿಯುವುದು ಪಿನಿಯನ್ ಅಥವಾ ಆಕ್ಸಲ್ ಶಾಫ್ಟ್. ಇನ್ನೊಂದು ತೊಡಕು ಕೇಜಿನದು. ಕೆಲವು ಆಕ್ಸಲ್‌ಗಳಲ್ಲಿ ಒಂದು ಮಿತಿಯಾಚೆಗಿನ ಅನುಪಾತಕ್ಕೆ ಬೇರೆಯೇ ಕೇಜ್ ಬೇಕು. ಗೇರು ಕೊಂಡ ಮೇಲೆ ಇದು ತಿಳಿದರೆ ಖರ್ಚು ಇಮ್ಮಡಿಯಾಗುತ್ತದೆ.

ವೇಗಮಾಪಕವೂ ಬದಲಾಗುತ್ತದೆ. ಅದರ ತಂತಿ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವ ಗಾಡಿಯಲ್ಲಿ ಮೇಲಿನ ಉದಾಹರಣೆಯಂತೆ ಟೈರ್ ಮಾತ್ರ ಬದಲಿಸಿದರೆ ಮಾಪಕ 80 ತೋರಿಸುವಾಗ ನಿಜವೇಗ ಸುಮಾರು 86.

ಜೋಡಣೆ

ಒಳ್ಳೆಯ ಗೇರನ್ನು ಕೆಟ್ಟದಾಗಿ ಕೂರಿಸಿದರೆ ಅದು ಸಾಧಾರಣ ಗೇರಿಗಿಂತ ಬೇಗ ಹಾಳಾಗುತ್ತದೆ. ಜೋಡಣೆಯಲ್ಲಿ ನಾಲ್ಕು ಅಳತೆಗಳು ನಿರ್ಣಾಯಕ.

ಮೊದಲನೆಯದು ಪಿನಿಯನ್ ಆಳ. ಪಿನಿಯನ್‌ನ ತಲೆ ಕ್ರೌನ್‌ನ ನಡುರೇಖೆಯಿಂದ ಎಷ್ಟು ದೂರದಲ್ಲಿರಬೇಕು ಎಂಬುದನ್ನು ತೆಳು ಉಕ್ಕಿನ ಶಿಮ್‌ಗಳಿಂದ ಹೊಂದಿಸುತ್ತಾರೆ. ಎರಡನೆಯದು ಪಿನಿಯನ್ ಬೇರಿಂಗಿನ ಬಿಗಿತ. ಬೇರಿಂಗುಗಳನ್ನು ಸಡಿಲವೂ ಅಲ್ಲದ, ಹಿಂಡಿದಂತೆಯೂ ಅಲ್ಲದ ಹದಕ್ಕೆ ಬಿಗಿದು, ಪಿನಿಯನ್ ತಿರುಗಲು ಎಷ್ಟು ಬಲ ಬೇಕು ಎಂಬುದನ್ನು ಸಣ್ಣ ಟಾರ್ಕ್ ರೆಂಚಿನಿಂದ ಅಳೆಯುತ್ತಾರೆ. ಮೂರನೆಯದು ಬ್ಯಾಕ್‌ಲ್ಯಾಶ್. ಪಿನಿಯನ್ ಹಿಡಿದು ಕ್ರೌನ್ ಅಲ್ಲಾಡಿಸಿದಾಗ ಹಲ್ಲುಗಳ ನಡುವೆ ಸಿಗುವ ಪ್ಲೇ ಇದು. ಜೀಪಿನ ಅಳತೆಯ ಗೇರುಗಳಲ್ಲಿ ಇದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇದನ್ನು ಡಯಲ್ ಗೇಜ್ ಇಟ್ಟು ಕ್ರೌನ್‌ನ ಹಲವು ಕಡೆ ನೋಡಬೇಕು, ಕೈಯಂದಾಜು ಸಲ್ಲದು. ನಾಲ್ಕನೆಯದು ಕೇಜ್ ಬೇರಿಂಗುಗಳ ಬಿಗಿತ.

ಪಿನಿಯನ್ ಆಳ ಮತ್ತು ಬ್ಯಾಕ್‌ಲ್ಯಾಶ್ ಸರಿಯಾದವೋ ಇಲ್ಲವೋ ಎಂಬುದನ್ನು ಹಲ್ಲಿನ ಗುರುತು ಹೇಳುತ್ತದೆ. ಹಲ್ಲುಗಳಿಗೆ ಹಳದಿ ಅಥವಾ ನೀಲಿ ಲೇಪ ಸವರಿ, ಕ್ರೌನ್‌ಗೆ ಕೊಂಚ ತಡೆಯೊಡ್ಡಿ ತಿರುಗಿಸಿದರೆ ಹಲ್ಲು ಹಲ್ಲಿಗೆ ಎಲ್ಲಿ ಮುಟ್ಟುತ್ತದೆ ಎಂಬುದರ ಅಚ್ಚು ಮೂಡುತ್ತದೆ. ಗುರುತು ಹಲ್ಲಿನ ಎತ್ತರದ ನಡುವೆ ಹರಡಿರಬೇಕು. ಅದು ತುದಿಗೆ ಅಂಟಿದ್ದರೆ ಪಿನಿಯನ್ ದೂರದಲ್ಲಿದೆ, ಬುಡಕ್ಕೆ ಇಳಿದಿದ್ದರೆ ತೀರ ಹತ್ತಿರದಲ್ಲಿದೆ. ಸರಿಯಾಗುವವರೆಗೆ ಬೇರಿಂಗ್ ಕಳಚಿ, ಶಿಮ್ ಬದಲಿಸಿ, ಮತ್ತೆ ಬಿಗಿದು ನೋಡಬೇಕು. ಎರಡು ಹೌಸಿಂಗ್‌ಗಳ ಕೆಲಸ ಅರ್ಧ ದಿನದಲ್ಲಿ ಮುಗಿಯಿತು ಎಂದರೆ ಈ ಹಂತ ನಡೆದಿಲ್ಲ ಎಂದೇ ತಿಳಿಯಬೇಕು.

ಹೊಸ ಗೇರನ್ನು ಪಳಗಿಸಬೇಕು. ಹದಿನೈದು ಇಪ್ಪತ್ತು ನಿಮಿಷ ಹಗುರವಾಗಿ ಓಡಿಸಿ ಪೂರ್ತಿ ತಣ್ಣಗಾಗಲು ಬಿಡುವುದು, ಮೊದಲ ಕೆಲವು ನೂರು ಕಿಲೋಮೀಟರ್ ಹೊರೆ ಎಳೆಯದಿರುವುದು, ಸುಮಾರು 800 ಕಿ.ಮೀ. ಆದಾಗ ಎಣ್ಣೆ ಬದಲಿಸುವುದು ರೂಢಿ. ಆ ಎಣ್ಣೆಯಲ್ಲಿ ನುಣ್ಣನೆಯ ಬೂದುಬಣ್ಣದ ಪುಡಿ ಇರುವುದು ಸಹಜ. ಚೂರುಗಳಿದ್ದರೆ ಹೌಸಿಂಗ್ ಬಿಚ್ಚಬೇಕು.

ಅಂಗಡಿ ಮತ್ತು ಗ್ಯಾರೇಜಿನ ಆಯ್ಕೆ

ಶಿವಮೊಗ್ಗದಲ್ಲಿ ವಾಹನ ದುರಸ್ತಿಯ ಕೆಲಸ ಬಹುಮಟ್ಟಿಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸುತ್ತ ನೆಲೆಗೊಂಡಿದೆ. ಭದ್ರಾವತಿಯಲ್ಲಿ ಕಾರ್ಖಾನೆಯ ಜೊತೆಜೊತೆಗೆ ಬೆಳೆದ ಲೇತ್ ಮತ್ತು ಫಿಟ್ಟಿಂಗ್ ಕೆಲಸದ ಪರಂಪರೆಯಿದೆ. ಮಾಚೇನಹಳ್ಳಿಯ ವಾಹನ ಮಾಲೀಕನಿಗೆ ಎರಡೂ ಕೈಯಳತೆಯ ದೂರ. ಆದರೆ ಎಂಜಿನ್ ಕೆಲಸದಲ್ಲಿ ಪಳಗಿದ ಕೈ ಹೌಸಿಂಗ್ ಕೆಲಸದಲ್ಲೂ ಪಳಗಿರಬೇಕೆಂದಿಲ್ಲ. ಆಕ್ಸಲ್ ಗೇರು ಕೂರಿಸುವುದು ತನ್ನದೇ ಆದ ಕಸುಬು.

ಗ್ಯಾರೇಜನ್ನು ಅಳೆಯಲು ಮಾತಿಗಿಂತ ಸಲಕರಣೆ ನೋಡುವುದು ಒಳ್ಳೆಯದು. ಡಯಲ್ ಗೇಜ್, ಕಡಿಮೆ ಅಳತೆಯ ಟಾರ್ಕ್ ರೆಂಚ್, ಬೇರಿಂಗ್ ಕಳಚುವ ಪುಲ್ಲರ್ ಮತ್ತು ಪ್ರೆಸ್, ಹಲವು ದಪ್ಪದ ಶಿಮ್‌ಗಳು, ಮೈಕ್ರೋಮೀಟರ್ ಇವಿಷ್ಟು ಇಲ್ಲದೆ ಈ ಕೆಲಸ ಆಗದು. ಬೇರಿಂಗನ್ನು ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಕೂರಿಸುವ ಕಡೆ ಗೇರು ಬಿಚ್ಚಲು ಬಿಡಬಾರದು. ಬ್ಯಾಕ್‌ಲ್ಯಾಶ್ ಎಷ್ಟಿಡುತ್ತೀರಿ ಎಂದು ಕೇಳಿದಾಗ ಅಂಕಿಯಲ್ಲಿ ಉತ್ತರ ಬರಬೇಕು. ಒಳ್ಳೆಯ ಮೇಸ್ತ್ರಿ ಮೊದಲು ಗಾಡಿಯ ಬಳಕೆ, ಟೈರಿನ ಅಳತೆ, ಹೊರೆ ಕೇಳಿ ತಿಳಿದುಕೊಂಡು, ಹೌಸಿಂಗ್ ಮುಚ್ಚಳ ತೆಗೆದು ಹಲ್ಲು ಎಣಿಸಿ, ಆಮೇಲೆ ಗೇರಿನ ಮಾತೆತ್ತುತ್ತಾನೆ. ಮುಚ್ಚುವ ಮೊದಲು ಹಲ್ಲಿನ ಗುರುತು ತೋರಿಸುತ್ತಾನೆ, ಫೋಟೋ ತೆಗೆಯಲು ಬಿಡುತ್ತಾನೆ. ಹಳೆಯ ಭಾಗಗಳನ್ನು ಮರಳಿ ಕೊಡುತ್ತಾನೆ. ಗೇರಿನೊಡನೆ ಬೇರಿಂಗ್, ಆಯಿಲ್ ಸೀಲ್, ಕ್ರೌನ್ ಬೋಲ್ಟುಗಳನ್ನೂ ಹೊಸದಾಗಿ ಹಾಕಬೇಕೆಂದು ಹೇಳುವವನು ಖರ್ಚು ಹೆಚ್ಚಿಸುತ್ತಿದ್ದಾನೆ ಎಂದು ತಿಳಿಯುವುದು ತಪ್ಪು. ಸವೆದ ಬೇರಿಂಗಿನ ಮೇಲೆ ಹೊಸ ಗೇರಿನ ಅಳತೆ ನಿಲ್ಲುವುದಿಲ್ಲ.

ಬಿಡಿಭಾಗದ ಅಂಗಡಿಯಲ್ಲಿ ಮುಚ್ಚಿದ ಪೆಟ್ಟಿಗೆ, ಭಾಗ ಸಂಖ್ಯೆ, ಕ್ರೌನ್ ಮತ್ತು ಪಿನಿಯನ್‌ಗಳ ಮೇಲಿನ ಜೋಡಿ ಸಂಖ್ಯೆ, ಜಿಎಸ್‌ಟಿ ಬಿಲ್ಲು ಇವನ್ನು ನೋಡಿಯೇ ಕೊಳ್ಳಬೇಕು. ಹಳೆಯ ಗಾಡಿಯಿಂದ ಬಿಚ್ಚಿದ ಗುಜರಿ ಗೇರು ಹಳೆಯ ಜೀಪುಗಳಿಗೆ ಅನಿವಾರ್ಯವಾಗುವುದುಂಟು. ಆಗ ಜೋಡಿ ಸಂಖ್ಯೆ ಹೊಂದಿಸಿ ನೋಡಿ, ಹಲ್ಲಿನ ಮೇಲೆ ಗುಳಿ, ಚಕ್ಕೆ, ನೀಲಿಗಟ್ಟಿದ ಕಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನೀಲಿ ಬಣ್ಣ ಎಣ್ಣೆಯಿಲ್ಲದೆ ಕಾದದ್ದರ ಗುರುತು, ಅಂಥ ಹಲ್ಲಿನ ಹದ ಹೋಗಿರುತ್ತದೆ.

ಮಲೆನಾಡಿನ ಬಳಕೆ ಮತ್ತು ಆರೈಕೆ

ಹೊಸನಗರ ತಾಲ್ಲೂಕಿನ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಕೊಲ್ಲೂರಿನಿಂದ ಪ್ರಯಾಣಿಕರನ್ನು ಒಯ್ಯುವ ಜೀಪುಗಳು ಈ ಸೀಮೆಯಲ್ಲಿ ಆಕ್ಸಲ್ ಗೇರಿನ ಕಠಿಣ ಬಳಕೆಗೆ ಕಣ್ಣೆದುರಿನ ಉದಾಹರಣೆ. ತುಂಬಿದ ಗಾಡಿ ಲೋ ಗೇರಿನಲ್ಲಿ ಕಲ್ಲು, ಕೊರಕಲುಗಳ ಮೇಲೆ ಗಂಟೆಗಟ್ಟಲೆ ಹತ್ತಿ ಇಳಿಯುತ್ತದೆ. ಒಂದು ಚಕ್ರ ಗಾಳಿಯಲ್ಲಿ ಸುತ್ತಿ ಥಟ್ಟನೆ ಕಲ್ಲಿಗೆ ತಾಗಿ ಹಿಡಿತ ಪಡೆಯುವ ಆ ಒಂದು ಕ್ಷಣದ ಪೆಟ್ಟು ಸ್ಟಾರ್ ಪಿನಿಯನ್ ಮತ್ತು ಅದರ ಅಚ್ಚನ್ನು ಮುರಿಯಬಲ್ಲದು. ಜಾರುವ ಚಕ್ರದ ಮೇಲೆ ಆಕ್ಸಿಲರೇಟರ್ ಒತ್ತಬಾರದು ಎಂಬ ಚಾಲಕರ ಪಾಠಕ್ಕೆ ಕಾರಣ ಇದು.

ಮಲೆನಾಡಿನಲ್ಲಿ ಗೇರಿನ ದೊಡ್ಡ ಶತ್ರು ನೀರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ಮೀರುತ್ತದೆ. ಏರು ಹತ್ತಿ ಕಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲ್ ಅಥವಾ ಉಸಿರುಕೊಳವೆಯಿಂದ ನೀರನ್ನು ಹೀರಿಕೊಳ್ಳುತ್ತದೆ. ಹೌಸಿಂಗ್ ಮೇಲಿನ ಬ್ರೀದರ್‌ಗೆ ರಬ್ಬರ್ ಕೊಳವೆ ಜೋಡಿಸಿ ಎಂಜಿನ್ ಬಾನೆಟ್‌ನ ಎತ್ತರಕ್ಕೆ ಒಯ್ದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಅನುಪಾತ ಬದಲಿಸುವ ಮೊದಲು ಮಾಡಬೇಕಾದ ಅಗ್ಗದ ಕೆಲಸ ಇದು. ಹಳ್ಳ ದಾಟಿದ ಮೇಲೆ ಎಣ್ಣೆ ಹಾಲುಬಿಳುಪಾಗಿದ್ದರೆ ಕೂಡಲೇ ಬದಲಿಸಬೇಕು. ತಡವಾದರೆ ಬೇರಿಂಗಿಗೆ ತುಕ್ಕು ಹಿಡಿದು ಗೇರಿನ ಅಳತೆಗಳೆಲ್ಲ ಕೆಡುತ್ತವೆ.

ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಅವಕ್ಕೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. 80ಡಬ್ಲ್ಯು-90 ಸಾಮಾನ್ಯ ದಪ್ಪ. ಗೇರ್ ಬಾಕ್ಸಿಗೆ ಹಾಕುವ ಎಲ್ಲ ಎಣ್ಣೆಯೂ ಇಲ್ಲಿಗೆ ಒಗ್ಗುವುದಿಲ್ಲ, ಇಲ್ಲಿಯದೂ ಅಲ್ಲಿಗೆ ಒಗ್ಗದಿರಬಹುದು. ಕ್ಲಚ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್‌ಗೆ ತಯಾರಕರು ಹೇಳಿದ ವಿಶೇಷ ಬೆರಕೆಯೂ ಬೇಕು.

ಸದ್ದಿನಿಂದ ದೋಷದ ಜಾಡು ಹಿಡಿಯಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಟ್ಟರೆ ಹಲ್ಲಿನ ಎಳೆಯುವ ಮುಖದಲ್ಲಿ, ಬಿಟ್ಟಾಗ ಊಳಿಟ್ಟರೆ ಹಿಮ್ಮುಖದಲ್ಲಿ ಅಥವಾ ಸಡಿಲವಾದ ಪಿನಿಯನ್ ಬೇರಿಂಗಿನಲ್ಲಿ ದೋಷವಿರುತ್ತದೆ. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಸ್ಟಾರ್ ಪಿನಿಯನ್ ನೋಡಬೇಕು. ಎಲ್ಲ ವೇಗದಲ್ಲೂ ಗುಡುಗಿದಂತಿದ್ದರೆ ಬೇರಿಂಗ್.

ಕಾನೂನು

ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ಕಲಂ ವಾಹನದ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಣೆಗಿಂತ ಬೇರೆಯಾಗುವಂತೆ ಮಾರ್ಪಾಡು ಮಾಡುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ಅನುಪಾತದ ಅಸಲಿ ಗೇರನ್ನು ಬದಲಿಸುವುದು ದುರಸ್ತಿ ಮಾತ್ರ. ಅನುಪಾತ ಮತ್ತು ಟೈರ್ ಅಳತೆ ಬದಲಿಸುವವರು ಮೊದಲು ಶಿವಮೊಗ್ಗ ಅಥವಾ ಸಾಗರದ ಸಾರಿಗೆ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ವಿಚಾರಿಸಬೇಕು. ಹೊಸ ವಾಹನದ ವಾರಂಟಿಗೂ ಇದರಿಂದ ಧಕ್ಕೆಯಾಗಬಹುದು.

ಇಂದಿನ ಸ್ಥಿತಿ

ಹೊಸ ಆಫ್‌ರೋಡ್ ವಾಹನಗಳಲ್ಲಿ ಚಕ್ರದ ವೇಗ ಅಳೆಯುವ ಸಂವೇದಕಗಳೂ ಅವನ್ನು ಓದುವ ಗಣಕವೂ ಇರುವುದರಿಂದ ಅನುಪಾತ ಅಥವಾ ಟೈರ್ ಬದಲಾದಾಗ ಸ್ಥಿರತೆ ನಿಯಂತ್ರಣ, ವೇಗಮಾಪಕ, ಸ್ವಯಂಚಾಲಿತ ಗೇರಿನ ಲೆಕ್ಕಗಳು ತಪ್ಪಬಹುದು. ಹೀಗಾಗಿ ಈಗ ಸ್ಪ್ಯಾನರ್ ಜೊತೆ ಸ್ಕ್ಯಾನರ್ ಇರುವ ಗ್ಯಾರೇಜೂ ಬೇಕು. ಹಳೆಯ ಸಿಜೆ, ಮಹೀಂದ್ರ ಎಂಎಂ540, ಜಿಪ್ಸಿಗಳಲ್ಲಿ ಈ ತೊಡಕಿಲ್ಲ. ಅವುಗಳ ಗೇರು ಕೆಲಸ ಇನ್ನೂ ಪೂರ್ತಿಯಾಗಿ ಕೈ, ಕಣ್ಣು, ಗೇಜುಗಳ ಕೆಲಸವಾಗಿದೆ. ಜಿಪ್ಸಿಯ ತಯಾರಿಕೆ ನಿಂತಿರುವುದರಿಂದ ಅದರ ಅಸಲಿ ಕ್ರೌನ್ ಪಿನಿಯನ್ ಜೋಡಿಯನ್ನು ಹುಡುಕಿ ತೆಗೆದಿಡುವವರಿದ್ದಾರೆ.

ಉಕ್ಕಿನ ಕಡೆಗೆ ಬಂದರೆ, ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ, ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಬಾರ್ ಮಿಲ್ ಮತ್ತೆ ಓಡತೊಡಗಿತು.